ಹಸಿವು ತಿಳಿಯುವ ಮೊದಲು

ನಿಧಾನಕ್ಕ ಒಂದು ಬಾಟಲಿಯ ಮುಚ್ಚಳ ತೆಗೆಯುವುದನ್ನು ನೋಡಬೇಕಾದರೆ ನೋಡುವವರಿಗೂ ತಾಳ್ಮೆ ಬೇಕಿತ್ತು. ಮೊದಲು ಬಾಟಲಿಯ ಮೇಲಿನ ಚೀಟಿ ಓದುತ್ತಿದ್ದರು. ಆಮೇಲೆ, ಅದೇ ಚೀಟಿ ಎರಡನೆಯ ಸಲ ಬೇರೆ ಏನಾದರೂ ಹೇಳೀತೇನೋ ಎಂಬಂತೆ, ಇನ್ನೊಮ್ಮೆ ಓದುತ್ತಿದ್ದರು. ಕೈಗವಸಿನ ಮೇಲೆ ಸ್ಪಿರಿಟ್ ಸಿಂಪಡಿಸಿಕೊಂಡು, ಅದು ಆರುವ ತನಕ ಎರಡೂ ಕೈ ಮೇಲೆತ್ತಿ ನಿಂತು, ಕೊನೆಗೆ ಮುಚ್ಚಳಕ್ಕೆ ಬೆರಳು ಹಾಕುತ್ತಿದ್ದರು. ಅಷ್ಟು ಹೊತ್ತಿಗೆ ಪಕ್ಕದ ಮೇಜಿನಲ್ಲಿ ಬಿರುಗಾಳಿಯ ಕೆಲಸ ಮುಗಿದು, ಒಂದು ಗಾಜಿನ ನಳಿಗೆ ಒಡೆದು, ಅದರ ಚೂರುಗಳನ್ನು ಗುಡಿಸಿಯೂ ಆಗಿರುತ್ತಿತ್ತು.

ಬಿರುಗಾಳಿ ನಮ್ಮ ಲ್ಯಾಬಿನ ಸಂಶೋಧನಾ ವಿದ್ಯಾರ್ಥಿನಿ. ನಿಧಾನಕ್ಕ ನಮ್ಮ ಟೆಕ್ನಿಷಿಯನ್. ಎರಡು ಹೆಸರನ್ನೂ ಇಟ್ಟವರು ಲ್ಯಾಬಿನ ಮುಖ್ಯಸ್ಥರು. ಸೀಮೆಸುಣ್ಣ ಕೈಯಲ್ಲಿಲ್ಲದಿದ್ದರೆ ಅವರ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲವಾದ್ದರಿಂದ, ನಾವು ಅವರನ್ನು ಮೇಷ್ಟ್ರು ಎಂದು ಕರೆದು ಸೇಡು ತೀರಿಸಿಕೊಂಡಿದ್ದೆವು.

ಲ್ಯಾಬ್ ಇದ್ದದ್ದು ಮಕ್ಕಳ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ. ಕಿಟಕಿಯಿಂದ ಬಗ್ಗಿದರೆ ಬಟ್ಟೆ ಒಗೆಯುವವರ ತಾರಸಿ ಕಾಣುತ್ತಿತ್ತು. ಆಪರೇಷನ್ನಿಗೆ ಹೋಗುವ ಮಕ್ಕಳಿಗೆ ತೊಡಿಸುವ ಪುಟ್ಟ ಹಸಿರು ಅಂಗಿಗಳು ಅಲ್ಲಿ ತಂತಿಯ ತುಂಬ ತೋಳಾಡಿಸುತ್ತಿದ್ದವು. ನಾವು ಕೆಲಸ ಮಾಡುತ್ತಿದ್ದುದು ಮಕ್ಕಳ ಕಿರುಮೆದುಳಿನಲ್ಲಿ ಬೆಳೆಯುವ ಒಂದು ಬಗೆಯ ಗಡ್ಡೆಯ ಮೇಲೆ. ಕಿರುಮೆದುಳು ತಲೆಯ ಹಿಂಭಾಗದಲ್ಲಿ, ಕತ್ತಿಗೆ ಹತ್ತಿರವಾಗಿ ಇರುತ್ತದೆ. ನಡೆಯುವಾಗ ತೂಕ ತಪ್ಪದಂತೆ ಕಾಯುವುದು ಅದರ ಕೆಲಸ. ಹಾಗಾಗಿ ಈ ಮಕ್ಕಳನ್ನು ಕರೆತರುವ ತಾಯಂದಿರು ಮೊದಲು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಚೆನ್ನಾಗಿ ಓಡಾಡ್ಕೊಂಡಿದ್ದ ಮಗು ಡಾಕ್ಟ್ರೇ, ಇದ್ದಕ್ಕಿದ್ದ ಹಾಗೆ ಗೋಡೆ ಹಿಡ್ಕೊಂಡು ನಡೆಯೋಕೆ ಶುರು ಮಾಡ್ತು."

ಆಪರೇಷನ್ನಿನಲ್ಲಿ ತೆಗೆದ ಗಡ್ಡೆಗಳ ಜೀವಕೋಶಗಳನ್ನು ನಿಧಾನಕ್ಕ ಚಪ್ಪಟೆ ಬಾಟಲಿಗಳಲ್ಲಿ ಸಾಕುತ್ತಿದ್ದರು. ಸಾಕುವುದು ಎಂಬುದು ಅವರದೇ ಮಾತು. ಗುಲಾಬಿ ಬಣ್ಣದ ಸಿಹಿ ದ್ರವವೇ ಆ ಕೋಶಗಳ ಊಟ. ಅವು ತಿಂದು ಮುಗಿಸುತ್ತ ಬಂದಂತೆ ದ್ರವ ಹಳದಿಗೆ ತಿರುಗುತ್ತದೆ. "ಈ ಹೊಟ್ಟೆಬಾಕನ್ನ ನೋಡಿ, ನಿನ್ನೆ ತಾನೇ ಬಡಿಸಿದ್ದೆ, ಆಗ್ಲೇ ತಟ್ಟೆ ನೆಕ್ಕಿ ಕೂತಿದೆ!" ಎಂದು ಒಂದು ಬಾಟಲಿಯನ್ನು ಬೆಳಕಿಗೆ ಹಿಡಿದು ಬೈಯುತ್ತಿದ್ದರು. ಇಂಥ ಕೋಶಗಳಿಗೆ ಗಾಳಿಯಲ್ಲಿನ ಒಂದೇ ಒಂದು ಬೂಷ್ಟಿನ ಕಣ ಬಿದ್ದರೂ ಇಡೀ ಬಾಟಲಿ ಹಾಳು. ಬೇರೆ ಲ್ಯಾಬುಗಳಲ್ಲಿ ಆಗಾಗ ಹಾಳಾಗುತ್ತಿತ್ತು. ನಿಧಾನಕ್ಕನ ಕೈಯಲ್ಲಿ ಆದದ್ದನ್ನು ಕಂಡವರಿಲ್ಲ.

ಆ ಕೈ ಅವರಿಗೆ ತಂದೆಯಿಂದ ಬಂದದ್ದು. ತಂದೆ ಅಂಗಡಿಗಳ ಬೋರ್ಡು ಬರೆಯುತ್ತಿದ್ದವರು. ಒಂದು ಅಕ್ಷರದ ಬಾಲ ಸೊಟ್ಟಗಾದರೆ ಇಡೀ ಬೋರ್ಡು ಕೆರೆದು ಮತ್ತೆ ಬಣ್ಣ ಹಚ್ಚಬೇಕು. ಹಾಗಾಗಿ ಮಗಳು ಚಿಕ್ಕಂದಿನಲ್ಲಿ ಕುಂಚ ಮುಟ್ಟಿದಾಗಲೆಲ್ಲ ಕೇಳಿಸಿಕೊಂಡದ್ದು ಒಂದೇ ಮಾತು: ನಿಧಾನವೇ ಪ್ರಧಾನ. ಶಾಲೆ ಮುಗಿಸಿದ ಮೇಲೆ ಅವರು ಇದೇ ಆಸ್ಪತ್ರೆಗೆ ಗಾಜಿನ ಸಾಮಾನು ತೊಳೆಯಲು ಸೇರಿದರು. ತೊಳೆದ ನಳಿಗೆಗಳು ಎಷ್ಟು ಚೊಕ್ಕವಾಗಿರುತ್ತಿದ್ದವೆಂದರೆ, ಅಂದಿನ ಹಿರಿಯ ಟೆಕ್ನಿಷಿಯನ್ ಇವರನ್ನು ಒಳಗೆ ಕರೆದು ಕೋಶ ಸಾಕುವುದನ್ನು ಕಲಿಸಿದರು. ಸಂಜೆಯ ತರಗತಿಗಳಲ್ಲಿ ಕೂತು ಟೆಕ್ನಿಷಿಯನ್ ಪರೀಕ್ಷೆಯನ್ನೂ ಪಾಸು ಮಾಡಿಕೊಂಡರು. ಗೇಟು, ಗ್ರಿಲ್ಲು ಮಾಡುವ ವೆಲ್ಡರ್ ಒಬ್ಬರನ್ನು ಮದುವೆಯಾದರು. ಮನೆಯಲ್ಲಿ ಗಂಡ, ಮತ್ತು ಊರಿಗೆಲ್ಲ ಕೇಳುವಂತೆ ಪಿಸುಗುಟ್ಟುವ ಅತ್ತೆ. ಹೊಸಬರು ಯಾರೇ ಲ್ಯಾಬಿಗೆ ಬರಲಿ, ನಿಧಾನಕ್ಕ ಅವರಿಗೆ ಕಲಿಸುವ ಮೊದಲ ಪಾಠವೂ ತಂದೆಯ ಆ ಗಾದೆಯೇ.

ನಮ್ಮ ಕೆಲಸದ ನಡುವಿದ್ದದ್ದು ಒಂದು ಕಿಣ್ವ. ಅದಕ್ಕೊಂದು ಉದ್ದನೆಯ ಹೆಸರಿದೆ. ಮೊದಲಕ್ಷರಗಳನ್ನು ಕೂಡಿಸಿ ಎಎಂಪಿಕೆ ಎನ್ನುತ್ತಾರೆ. ಮೇಷ್ಟ್ರು ಅದಕ್ಕೆ ಉಗ್ರಾಣದಜ್ಜಿ ಎಂದು ಹೆಸರಿಟ್ಟು, ಕಪ್ಪು ಹಲಗೆಯ ಮೇಲೆ ಬೀಗದ ಕೈಗೊಂಚಲು ಸಿಕ್ಕಿಸಿಕೊಂಡ ಒಬ್ಬ ಮುದುಕಿಯ ಚಿತ್ರ ಬರೆದಿದ್ದರು.

"ಒಂದೊಂದು ಜೀವಕೋಶಾನೂ ಒಂದು ಮನೆ ಅಂದ್ಕೊಳ್ಳಿ," ಎನ್ನುತ್ತಿದ್ದರು. "ಉಗ್ರಾಣ ತುಂಬಿದ್ರೆ ಅಜ್ಜಿ ಗೊರಕೆ ಹೊಡೀತಾ ಮಲಗಿರ್ತಾಳೆ. ಮನೆಯವರು ಕೋಣೆ ಮೇಲೆ ಕೋಣೆ ಕಟ್ಸ್ತಾರೆ, ಸಂಸಾರ ಬೆಳೆಸ್ತಾರೆ. ಡಬ್ಬಿ ತಳ ಕಾಣ್ತು ಅನ್ನಿ, ಅಜ್ಜಿ ದಡಕ್ಕನೆ ಎದ್ದು ಕೂತ್ಕೋತಾಳೆ. ನಿಲ್ಸಿ ಕಟ್ಟಡ! ಇರೋ ಹಳೇ ಸಾಮಾನು ಒಲೆಗೆ ಹಾಕಿ! ಯಾರೂ ಹೊಸದೇನೂ ಶುರು ಮಾಡ್ಬೇಡಿ!"

"ನಮ್ಮ ಅತ್ತೆ," ಎಂದರು ನಿಧಾನಕ್ಕ. "ಮಲಗೋದೊಂದು ಬಿಟ್ರೆ ಎಲ್ಲಾ ಅವರೇ."

ನಮ್ಮ ಮುಂದಿದ್ದ ಪ್ರಶ್ನೆ ಹೇಳುವುದಕ್ಕೆ ಸುಲಭ. ಮಕ್ಕಳ ಈ ಗಡ್ಡೆಯೊಳಗೆ ಅಜ್ಜಿ ಮಲಗಿದ್ದಾಳೋ, ಎದ್ದಿದ್ದಾಳೋ? ಗಡ್ಡೆ ಹೇಗೋ ಅವಳನ್ನು ಮಲಗಿಸಿಬಿಟ್ಟು, ಕೇಳುವವರಿಲ್ಲದೆ ಬೆಳೆಯುತ್ತಿದೆ ಎಂದಾದರೆ, ಅವಳನ್ನು ಎಬ್ಬಿಸಿ ಬೆಳವಣಿಗೆಗೆ ಕಡಿವಾಣ ಹಾಕಬಹುದೇನೋ ಎಂದು ಯೋಚಿಸಬಹುದು. ಆದರೆ ಅವಳು ಆಗಲೇ ಎದ್ದು ಕೂತು, ರಕ್ತ ಸಾಲದ ಕಡೆಯಲ್ಲೂ ಗಡ್ಡೆಯ ಕೋಶಗಳು ಹೊಟ್ಟೆ ಬಟ್ಟೆ ಕಟ್ಟಿ ಬದುಕುವಂತೆ ನೋಡಿಕೊಳ್ಳುತ್ತಿದ್ದರೆ, ಅವಳನ್ನು ಇನ್ನಷ್ಟು ಎಚ್ಚರಿಸುವುದು ಹಾವಿಗೆ ಹಾಲೆರೆದ ಹಾಗೆ. ಯಾವುದು ನಿಜ ಎಂದು ತಿಳಿಯದೆ ಔಷಧಿಯ ಮಾತೇ ಎತ್ತುವಂತಿರಲಿಲ್ಲ.

ತಿಳಿಯುವ ಬಗೆ ಹೀಗೆ. ನಿಧಾನಕ್ಕ ಬಾಟಲಿಯ ಊಟವನ್ನು ಬಸಿದು, ಕೋಶಗಳನ್ನು ತಿಳಿ ಉಪ್ಪುನೀರಿನಲ್ಲಿ ತೊಳೆದು, ಅವುಗಳ ಪ್ರೋಟೀನ್ ತೆಗೆದು ಕೊಡುವರು. ಅದನ್ನು ಯಂತ್ರಕ್ಕೆ ಹಾಕಿ, ಕಾಗದದಂಥ ಬಿಳಿ ಪೊರೆಯ ಮೇಲೆ ಮೂಡಿಸಿದರೆ ಗೆರೆಗಳು ಕಾಣುತ್ತವೆ. ಕೆಳಗಿನ ಸಾಲಿನ ಗೆರೆ ಅಜ್ಜಿ ಮನೆಯಲ್ಲಿದ್ದಾಳೆ ಎನ್ನಲು. ಮೇಲಿನ ಸಾಲಿನಲ್ಲೂ ಕಪ್ಪು ಗೆರೆ ಬಂದರೆ ಎದ್ದಿದ್ದಾಳೆ. ಗೆರೆ ಮಾಸಲಾಗಿದ್ದರೆ ಮಲಗಿದ್ದಾಳೆ.

ಪ್ರತಿ ಸಲವೂ ಮೇಲೆ ಕಪ್ಪು ಗೆರೆಯೇ. ಹೊಟ್ಟೆ ತುಂಬ ಉಣಿಸಿದ ಬಾಟಲಿಯಲ್ಲೂ ಅಜ್ಜಿ ಎದ್ದೇ ಇದ್ದಳು. ಬಹಳ ಕಾಲ ಇದೇ ಬಂದ ಮೇಲೆ ಮೇಷ್ಟ್ರು ಬೇಸರದಿಂದಲೇ ಪ್ರಬಂಧ ಬರೆಯಲು ಕೂತರು. ಈ ಗಡ್ಡೆಯಲ್ಲಿ ಎಬ್ಬಿಸುವ ದಾರಿ ಮುಚ್ಚಿದೆ, ಬೇರೆಯವರು ಇದರ ಹಿಂದೆ ಹೋಗುವುದು ಬೇಡ ಎನ್ನುವುದು ಅದರ ಸಾರಾಂಶ.

ಅದೇ ವಾರ ನಿಧಾನಕ್ಕನ ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ನೋಡಿಕೊಳ್ಳಲು ನಿಧಾನಕ್ಕ ರಜೆ ಹಾಕಿದರು. ಕೊನೆಯ ಒಂದು ಬಾಟಲಿ ಬಾಕಿ ಇತ್ತು, ಅದನ್ನು ಬಿರುಗಾಳಿ ಮಾಡಿದಳು. ಗೆರೆ ಮಾಸಲಾಗಿ ಬಂತು, ಇದೆಯೋ ಇಲ್ಲವೋ ಎನ್ನುವ ಹಾಗೆ.

ಮೇಷ್ಟ್ರು ಪೊರೆಯನ್ನು ನೋಡಿ, ಅವಳನ್ನು ನೋಡಿ, ಸೀಮೆಸುಣ್ಣವನ್ನು ಅವಳ ಕಡೆ ಚಾಚಿದರು. "ಮತ್ತೇನು ಚೆಲ್ಲಿದೆ?"

"ಏನೂ ಚೆಲ್ಲಿಲ್ಲ ಮೇಷ್ಟ್ರೇ! ಅಂದ್ರೆ, ಇದರಲ್ಲಿ ಚೆಲ್ಲಿಲ್ಲ."

ಯಾರೂ ನಂಬಲಿಲ್ಲ. ನಿಧಾನಕ್ಕನ ಕೈ ಒಂದು ಹೇಳುತ್ತದೆ, ಬಿರುಗಾಳಿಯ ಕೈ ಇನ್ನೊಂದು ಹೇಳುತ್ತದೆ ಎಂದರೆ ಯಾವುದು ಸರಿ ಎಂದು ಕೇಳುವ ಅಗತ್ಯವೇ ನಮಗೆ ಕಾಣಲಿಲ್ಲ. ಆ ಪೊರೆಯನ್ನು ಕಸದ ಬುಟ್ಟಿಗೆ ಹಾಕುವುದರಲ್ಲಿದ್ದೆವು. ಅಷ್ಟರಲ್ಲಿ ನಿಧಾನಕ್ಕ ರಜೆ ಮುಗಿಸಿ ಬಂದರು.

ಬಿರುಗಾಳಿಗೆ ಮೈಯೆಲ್ಲ ಉರಿಯುತ್ತಿತ್ತು. "ಅಕ್ಕಾ, ನೀವೇ ನನ್ನ ಕಣ್ಣೆದುರಿಗೆ ಮಾಡಿ ತೋರ್ಸಿ. ಒಂದು ಬಾಟ್ಲಿ ನೀವು, ಒಂದು ಬಾಟ್ಲಿ ನಾನು. ಎಲ್ಲಿ ತಪ್ಪಿದೀನಿ ಅಂತ ಇವತ್ತು ಗೊತ್ತಾಗ್ಲೇಬೇಕು."

ಇಬ್ಬರೂ ಪಕ್ಕಪಕ್ಕ ಕೂತರು. ಮೇಷ್ಟ್ರು ಹಿಂದೆ ಕೈಕಟ್ಟಿ ನಿಂತರು. ಬಿರುಗಾಳಿ ಊಟ ಬಸಿದು, ಒಮ್ಮೆ ನೀರು ಹಾಯಿಸಿ, ಕಣ್ಣು ಮಿಟುಕಿಸುವುದರೊಳಗೆ ಮುಗಿಸಿ, ಕೈಕಟ್ಟಿ ಕಾಯುತ್ತ ಕೂತಳು. ನಿಧಾನಕ್ಕ ಊಟ ಬಸಿದರು. ಉಪ್ಪುನೀರಿನ ಚೀಟಿ ಓದಿದರು. ಮತ್ತೆ ಓದಿದರು. ಬಾಟಲಿಯ ಗೋಡೆಗೆ ತಾಗಿಸಿ, ಕೋಶಗಳಿಗೆ ನೋವಾಗದಂತೆ ನೀರು ಇಳಿಬಿಟ್ಟರು. ತೊಟ್ಟಿಲು ತೂಗುವ ಹಾಗೆ ಆ ಕಡೆ ಈ ಕಡೆ ವಾಲಿಸಿದರು. ಬಸಿದರು. ಮತ್ತೆ ಇಳಿಬಿಟ್ಟರು.

ಕೂತು ಕೂತು ಬೇಜಾರಾದ ಬಿರುಗಾಳಿ ಆಕಳಿಸುತ್ತ ಕೇಳಿದಳು: "ಅಕ್ಕಾ, ಇಷ್ಟು ಹೊತ್ತೂ ಪಾಪ ಅವಕ್ಕೆ ಊಟ ಇಲ್ಲ ತಾನೇ?"

ನಿಧಾನಕ್ಕನ ಕೈ ನಿಂತಿತು. ಮೇಷ್ಟ್ರು ಮುಂದೆ ಬಗ್ಗಿದರು. ಉಪ್ಪುನೀರಿನಲ್ಲಿ ಸಕ್ಕರೆಯ ಸುಳಿವೂ ಇರುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದದ್ದು ಆ ಕ್ಷಣದವರೆಗೆ ಯಾರ ತಲೆಗೂ ಹೊಳೆದಿರಲಿಲ್ಲ.

"ಅಯ್ಯೋ," ಎಂದರು ಮೇಷ್ಟ್ರು. "ಮಲಗಿದ್ದ ಅಜ್ಜೀನ ನಾವೇ ಎಬ್ಬಿಸಿ, ಯಾಕಮ್ಮ ಎದ್ದಿದ್ದೀಯ ಅಂತ ಕೇಳ್ತಾ ಇದೀವಿ!"

ಅಂದು ಸಂಜೆಯೊಳಗೆ ಪೊರೆ ಅದನ್ನೇ ಹೇಳಿತು. ನಿಧಾನಕ್ಕನ ಬಾಟಲಿಯ ಗೆರೆ ಕಾಡಿಗೆಯಂತೆ ಕಪ್ಪು. ಬಿರುಗಾಳಿಯದು ಮಾಸಲು. ಈ ಕಿಣ್ವ ಅಷ್ಟು ಚುರುಕು. ಹಸಿವಿನ ವಾಸನೆ ಬಡಿದರೆ ಸಾಕು, ಏಳುತ್ತದೆ. ನಿಧಾನಕ್ಕನ ಅಕ್ಕರೆಯ ತೊಳೆತವೇ ಅದಕ್ಕೆ ಬರಗಾಲವಾಗಿತ್ತು.

ಬಿರುಗಾಳಿ ಕುರ್ಚಿಯ ಮೇಲೆ ಹತ್ತಿ ಕುಣಿಯುವುದೊಂದು ಬಾಕಿ. "ನನ್ನ ಕೈ ಒಳ್ಳೇದು! ಎಲ್ಲರೂ ಕೇಳಿಸ್ಕೊಳ್ಳಿ, ನನ್ನ ಕೈ ಒಳ್ಳೇದು!" ಎಂದು ಕೂಗಿದವಳು ನಿಧಾನಕ್ಕನ ಮುಖ ನೋಡಿ ಥಟ್ಟನೆ ಬಾಯಿ ಮುಚ್ಚಿದಳು.

ನಿಧಾನಕ್ಕ ಕೈಗವಸು ಕಳಚುತ್ತಿದ್ದರು, ಎಂದಿನಂತೆ ಒಂದೊಂದೇ ಬೆರಳು. "ಇಷ್ಟು ದಿನ ನಾನು ಮಾಡಿದ್ದು ಹೊಳೇಲಿ ಹುಣಸೇಹಣ್ಣು ತೊಳೆದ ಹಾಗಾಯ್ತಲ್ಲ ಮೇಷ್ಟ್ರೇ," ಎಂದರು.

"ನೀವೊಬ್ಬರೇ ಅಲ್ಲಮ್ಮ. ದಡದಲ್ಲಿ ಕೂತು ಎಣಿಸ್ತಾ ಇದ್ದಿದ್ದು ನಾನು," ಎಂದ ಮೇಷ್ಟ್ರು, ಬರೆಯುತ್ತಿದ್ದ ಪ್ರಬಂಧವನ್ನು ಎತ್ತಿ ಕಪಾಟಿನ ಮೇಲೆ ಒಗೆದರು. ಮುಚ್ಚಿದೆ ಎಂದುಕೊಂಡಿದ್ದ ದಾರಿ ಮುಚ್ಚಿಲ್ಲದಿರಬಹುದು! ಆದರೆ ಈ ಬಾಟಲಿಯ ಕೋಶಗಳು ವರ್ಷಗಟ್ಟಲೆ ಗಾಜಿನ ಮನೆಯಲ್ಲಿ ನಾವು ಬಡಿಸಿದ್ದನ್ನು ತಿಂದು ಬೆಳೆದವು. ಅವುಗಳ ಮಾತನ್ನೊಂದೇ ನಂಬುವಂತಿಲ್ಲ. ಮಗುವಿನ ತಲೆಯೊಳಗಿನ ಗಡ್ಡೆಯಲ್ಲೇ ಅಜ್ಜಿ ಹೇಗಿದ್ದಾಳೆ ಎಂದು ನೋಡಬೇಕು. ಅಲ್ಲಿಂದ ತುಂಡು ಹೊರಬಂದ ಕೂಡಲೇ ರಕ್ತ ನಿಲ್ಲುತ್ತದೆ, ಹಸಿವು ಶುರುವಾಗುತ್ತದೆ, ಅವಳು ಏಳುತ್ತಾಳೆ. ಏಳುವ ಮೊದಲೇ ತುಂಡು ಹೆಪ್ಪುಗಟ್ಟಿ ಕಲ್ಲಾಗಬೇಕು.

ಇಲ್ಲಿಯವರೆಗೆ ಆಪರೇಷನ್ ಥಿಯೇಟರಿನಿಂದ ನಮಗೆ ಬರುತ್ತಿದ್ದ ತುಂಡುಗಳು ಒಂದು ಬಟ್ಟಲಲ್ಲಿ ಕೂತು, ಆಪರೇಷನ್ ಮುಗಿಯುವ ತನಕ ಕಾದು, ಆಮೇಲೆ ಯಾರಿಗೋ ಬಿಡುವಾದಾಗ ಮೇಲೆ ಬರುತ್ತಿದ್ದವು. ಮೇಷ್ಟ್ರು ಸರ್ಜನ್ ಬಳಿ ಹೋದರು. ಸರ್ಜನ್ ಸಣ್ಣ ದೇಹದ, ಖಾರದ ಮಾತಿನ ಹೆಂಗಸು.

"ಬರೋ ವಾರ ಒಂದು ಮಗು ಇದೆ. ಇದೇ ಬಗೆಯ ಗಡ್ಡೆ," ಎಂದರು. "ಅಪ್ಪ ಅಮ್ಮ ಒಪ್ಪಿದ್ರೆ, ಪರೀಕ್ಷೆಗೆ ಬೇಕಾದಷ್ಟು ಕಳಿಸಿ ಮಿಕ್ಕಿದ್ದರಲ್ಲಿ ನಿಮಗೊಂದು ತುಂಡು ಕೊಡ್ತೀನಿ. ರಕ್ತ ಹರೀತಾ ಇರೋವಾಗಲೇ ಬಿಡಿಸಿ ಕೊಡ್ತೀನಿ. ಆದ್ರೆ ಮಗು ನನ್ನದು. ನಿಮ್ಮ ಅಜ್ಜಿಗೋಸ್ಕರ ನನ್ನ ಕೈ ಒಂದು ಕ್ಷಣ ಕೂಡ ಕಾಯಲ್ಲ. ನಿಮ್ಮ ಕಡೆ ಒಬ್ಬರೇ ಒಳಗೆ ಬರ್ಬೇಕು, ಬಾಯಿ ಮುಚ್ಕೊಂಡು ನಿಂತಿರ್ಬೇಕು."

ಈ ಬಗೆಯ ಗಡ್ಡೆಯಿರುವ ಮಗು ಮತ್ತೆ ಯಾವಾಗ ಬರುತ್ತದೆಂದು ಹೇಳಲಾಗದು, ಬರಲಿ ಎಂದು ಬಯಸುವುದಂತೂ ಪಾಪ. ಇದ್ದದ್ದು ಒಂದೇ ಅವಕಾಶ.

ಮಗುವಿನ ತಂದೆ ಲಾರಿ ಓಡಿಸುವವನು. ಮೇಷ್ಟ್ರು ಅವನಿಗೂ ಅವನ ಹೆಂಡತಿಗೂ ಎಲ್ಲವನ್ನೂ ಬಿಡಿಸಿ ಹೇಳಿ, ಇದರಿಂದ ನಿಮ್ಮ ಮಗುವಿಗೆ ಏನೂ ಉಪಯೋಗವಿಲ್ಲ ಎಂಬುದನ್ನು ಎರಡು ಸಲ ಹೇಳಿದರು. ನಿಧಾನಕ್ಕ ಪಕ್ಕದಲ್ಲಿದ್ದರು. ತಂದೆ ಹೆಂಡತಿಯ ಕಡೆ ನೋಡಿದ. ಅವಳು ತಲೆಯಾಡಿಸಿದಳು. "ಹೇಗಿದ್ರೂ ಬಿಸಾಕೋದೇ ತಾನೇ ಸಾರ್," ಎಂದ ಅವನು. "ಬಿಸಾಕೋದ್ರಿಂದ ಏನಾದ್ರೂ ಕಲೀರಿ."

ಒಳಗೆ ಹೋಗುವವರು ಯಾರು? ಮೇಷ್ಟ್ರ ಕಣ್ಣು ಬಿರುಗಾಳಿಯ ಕಡೆ ತಿರುಗಿತು. ಚುರುಕು ಬೇಕಾದ ಕಡೆ ಚುರುಕಿನವಳು.

"ನಾನು ಹೋಗ್ತೀನಿ," ಎಂದರು ನಿಧಾನಕ್ಕ.

"ನೀವಾ?" ಎಂದರು ಮೇಷ್ಟ್ರು, ಆದಷ್ಟು ಮೆತ್ತಗೆ. "ಅಮ್ಮ, ನೀವು ಚೀಟಿ ಓದಿ ಮುಗಿಸೋ ಹೊತ್ತಿಗೆ ಮಗು ಕಾಲೇಜಿಗೆ ಸೇರಿರುತ್ತೆ."

"ನಗಿ ಮೇಷ್ಟ್ರೇ. ನಂಗೆ ಗೊತ್ತು. ಆದ್ರೆ ಅವಳ ಕೈಯಿಂದ ಜಾರಿ ಕೆಳಗೆ ಬಿದ್ರೆ?"

"ಬೀಳುತ್ತೆ," ಎಂದಳು ಬಿರುಗಾಳಿ ಥಟ್ಟನೆ. "ನಂಗೇ ನನ್ನ ಮೇಲೆ ನಂಬಿಕೆ ಇಲ್ಲ. ಬಾಟ್ಲಿ ಆದ್ರೆ ಇನ್ನೊಂದು ಇದೆ. ಇದು ಒಂದೇ. ಅಕ್ಕ ಒಂದು ಸಾಮಾನನ್ನೂ ಬೀಳಿಸಿದ್ದು ನಾನು ನೋಡಿಲ್ಲ. ಅಕ್ಕನ್ನ ಜೋರು ಮಾಡೋದು ಸುಲಭಾನೋ, ನನ್ನ ನೆಟ್ಟಗೆ ಮಾಡೋದು ಸುಲಭಾನೋ, ನೀವೇ ಹೇಳಿ."

ಮೇಷ್ಟ್ರು ಒಂದು ಷರತ್ತು ಹಾಕಿದರು. ಆಪರೇಷನ್ನಿನ ಹಿಂದಿನ ದಿನ ತಮ್ಮೆದುರು ಮಾಡಿ ತೋರಿಸಬೇಕು. ನಡುವೆ ಒಮ್ಮೆ ಕೈ ತಡವರಿಸಿದರೂ ಬಿರುಗಾಳಿಯೇ ಹೋಗುವುದು.

ಅಂಗಾಂಶವನ್ನು ಕ್ಷಣದಲ್ಲಿ ಹೆಪ್ಪುಗಟ್ಟಿಸುವುದಕ್ಕೆ ಒಂದು ಇಕ್ಕಳ ಬೇಕು. ಅದರ ಎರಡು ತುದಿಗಳಲ್ಲಿ ಚಪ್ಪಟೆ ಲೋಹದ ಗಟ್ಟಿಗಳಿರುತ್ತವೆ. ಹೊಗೆಯಾಡುವಷ್ಟು ತಣ್ಣಗಿರುವ ದ್ರವ ಸಾರಜನಕದಲ್ಲಿ ಅದ್ದಿಟ್ಟು, ತುಂಡನ್ನು ಅವುಗಳ ನಡುವೆ ಒತ್ತಿದರೆ ಅದು ಹಪ್ಪಳದಷ್ಟು ತೆಳ್ಳಗಾಗಿ ಒಮ್ಮೆಗೇ ಕಲ್ಲಾಗುತ್ತದೆ. ಹೊರಗಿನಿಂದ ತರಿಸಲು ಸಮಯವಿರಲಿಲ್ಲ. ನಿಧಾನಕ್ಕ ಚಿತ್ರ ಬರೆದು ಮನೆಗೆ ಒಯ್ದರು. ಗಂಡ ಅಲ್ಯೂಮಿನಿಯಂ ಗಟ್ಟಿಗಳನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿ, ಹಿಡಿಕೆಗೆ ಕೂರಿಸಿಕೊಟ್ಟರು. ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ನಡುವೆ ಕೂದಲೆಳೆಯಷ್ಟು ಬೆಳಕೂ ತೂರುತ್ತಿರಲಿಲ್ಲ.

ಅಭ್ಯಾಸ ನಡೆದದ್ದು ಅವರ ಮನೆಯ ಮುಂದಿನ ಗ್ಯಾರೇಜಿನಲ್ಲಿ, ಅರ್ಧ ಮಾಡಿದ ಗೇಟುಗಳ ನಡುವೆ. ನಾನೂ ಬಿರುಗಾಳಿಯೂ ರಜೆಯ ದಿನ ಹೋಗಿದ್ದೆವು. ಗಂಡ ಸರ್ಜನ್. ಬಕೆಟ್ ನೀರು ಸಾರಜನಕ. ಹೂಕೋಸಿನ ಚೂರು ಗಡ್ಡೆ. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ನ್ಯಾಯಾಧೀಶರಾಗಿದ್ದರು.

"ತಗೊಳ್ಳಿ ತುಂಡು!" ಎನ್ನುವರು ಗಂಡ. ನಿಧಾನಕ್ಕ ಚಿಮುಟದಿಂದ ಹಿಡಿಯುವರು. ಹಿಡಿದದ್ದನ್ನು ಒಮ್ಮೆ ನೋಡುವರು. ಅಲ್ಲಿಗೆ ಮುಗಿಯಿತು.

"ನಿಂತ್ಳು!" ಅತ್ತೆ ಕೂಗುವರು. "ಪೊರೆ ತೆಗೆದ ಒಂದೇ ಕಣ್ಣಲ್ಲಿ ನೋಡಿದ್ರೂ ಕಾಣುತ್ತೆ. ಏನೇ ಅದು, ಹೂಕೋಸಿಗೆ ಜಾತಕ ನೋಡ್ತೀಯ?"

"ಅಭ್ಯಾಸ ಅತ್ತೆ, ಏನ್ ಮಾಡ್ಲಿ!"

"ನನ್ನ ಮಗನ್ನ ಒಪ್ಪೋಕೂ ಇಷ್ಟೇ ಹೊತ್ತು ಮಾಡಿದ್ಲು," ಎಂದರು ಅತ್ತೆ ನಮ್ಮ ಕಡೆ ತಿರುಗಿ. "ಪಾಪ, ಅವನು ಅಷ್ಟರಲ್ಲಿ ಅರ್ಧ ಬೋಳಾಗಿದ್ದ."

ಎಷ್ಟು ಸಲ ಮಾಡಿದರೂ ಕೈ ಅಲ್ಲೇ ನಿಲ್ಲುತ್ತಿತ್ತು. ತಂದೆಯ ಗಾದೆ ಮೂಳೆಗೆ ಇಳಿದಿತ್ತು. ಕೊನೆಗೆ ನಿಧಾನಕ್ಕ ಇಕ್ಕಳ ಕೆಳಗಿಟ್ಟು, ಕಣ್ಣೊರೆಸಿಕೊಂಡು, "ಬಿಡಿ, ಅವಳೇ ಹೋಗ್ಲಿ. ನನ್ನ ಕೈಲಿ ಆಗಲ್ಲ," ಎಂದರು.

ಗಂಡ ಹೆಚ್ಚು ಮಾತಿನವರಲ್ಲ. ಹೂಕೋಸಿನ ಚೂರುಗಳನ್ನು ಬಾಚಿ ಬುಟ್ಟಿಗೆ ಹಾಕುತ್ತ ಹೇಳಿದರು: "ವೆಲ್ಡಿಂಗ್‌ನಲ್ಲಿ ನಾನೂ ನಿಧಾನಾನೇ. ಕಿಡಿ ಹತ್ತೋ ಮೊದಲು ಎಷ್ಟು ಹೊತ್ತು ಬೇಕಾದ್ರೂ ಅಳೀತೀನಿ, ಜೋಡಿಸ್ತೀನಿ, ಮತ್ತೆ ಅಳೀತೀನಿ. ಕಿಡಿ ಹತ್ತಿದ ಮೇಲೆ ಕೈ ನಿಲ್ಲಿಸಿದ್ರೆ ಕಬ್ಬಿಣ ತೂತು ಬೀಳುತ್ತೆ. ಆಮೇಲೆ ನೋಡೋದೇನೂ ಇಲ್ಲ. ನೋಡೋದೆಲ್ಲ ಮುಂಚೇನೇ ನೋಡಿಬಿಡು."

ನಿಧಾನಕ್ಕ ಎದ್ದು ಬಕೆಟನ್ನು ಒಂದು ಗೇಣು ಎಡಕ್ಕೆ ಸರಿಸಿದರು. ಇಕ್ಕಳದ ಹಿಡಿಕೆಯನ್ನು ತಮ್ಮ ಕೈಗೆ ಎದುರಾಗುವಂತೆ ತಿರುಗಿಸಿದರು. ನಿಂತು ನೋಡಿದರು. ಮತ್ತೆ ಸರಿಸಿದರು. ಚೀಟಿಯನ್ನು ಮೊದಲೇ ಬರೆದು ಡಬ್ಬಿಗೆ ಅಂಟಿಸಿ, ಎರಡು ಸಲ ಓದಿ, ಡಬ್ಬಿಯ ಬಾಯಿ ತೆರೆದಿಟ್ಟರು. ತಮ್ಮ ನಿಧಾನವನ್ನೆಲ್ಲ ಹೀಗೆ ಮುಂಗಡವಾಗಿ ಸುರಿದ ಮೇಲೆ, "ಹೂಂ," ಎಂದರು.

"ತಗೊಳ್ಳಿ ತುಂಡು!"

ಚಿಮುಟ, ಇಕ್ಕಳ, ಒತ್ತು, ನೀರು. ಅತ್ತೆ ಬಾಯಿ ತೆರೆದವರು ಹಾಗೇ ಮುಚ್ಚಿದರು. ಬಿರುಗಾಳಿ ಚಪ್ಪಾಳೆ ತಟ್ಟಿದಳು. ಅಂದು ಕತ್ತರಿಸಿದ ಹೂಕೋಸನ್ನು ಆ ಮನೆಯವರು ಎಷ್ಟು ದಿನ ತಿಂದರೋ ತಿಳಿಯದು. ಆಪರೇಷನ್ನಿನ ಹಿಂದಿನ ದಿನದ ಪರೀಕ್ಷೆಯಲ್ಲಿ ಮೇಷ್ಟ್ರು ಕಣ್ಣು ಮಿಟುಕಿಸಿ ನೋಡುವುದನ್ನೇ ತಪ್ಪಿಸಿಕೊಂಡು, "ಇನ್ನೊಂದ್ಸಲ ಮಾಡಿ" ಎಂದರು. ಇನ್ನೊಂದು ಸಲವೂ ಕೈ ತಡವರಿಸಲಿಲ್ಲ.

ಆಪರೇಷನ್ ದಿನ ಬೆಳಿಗ್ಗೆ ನಿಧಾನಕ್ಕ ಹಸಿರು ಟೋಪಿ, ಹಸಿರು ನಿಲುವಂಗಿ ತೊಟ್ಟು ಒಳಗೆ ಹೋದರು. ನಾವು ಬಾಗಿಲ ಗಾಜಿಗೆ ಮೂಗು ಒತ್ತಿ ನಿಂತೆವು. ಥಿಯೇಟರಿನ ದೀಪದ ಕೆಳಗೆ ಹಸಿರು ಬಟ್ಟೆಗಳ ರಾಶಿ. ಆ ರಾಶಿಯ ಕೆಳಗೊಂದು ಮಗುವಿದೆ ಎಂದು ತಿಳಿಯುತ್ತಿದ್ದುದು ಒಂದು ಪುಟ್ಟ ಪಾದದಿಂದ. ನಿಧಾನಕ್ಕ ಆ ಪಾದವನ್ನು ಒಮ್ಮೆ ನೋಡಿದರು. ಆಮೇಲೆ ತಮ್ಮ ಗಾಲಿ ಮೇಜನ್ನು ಜೋಡಿಸತೊಡಗಿದರು, ಸಾರಜನಕದ ಪಾತ್ರೆ ಎಡಕ್ಕೆ, ಹಿಡಿಕೆ ಕೈಗೆ ಎದುರಾಗಿ, ಡಬ್ಬಿ ಬಾಯಿ ತೆರೆದು. ಜೋಡಿಸಿ ಮುಗಿಸಿ, ಕೈ ಮೇಲೆತ್ತಿ ನಿಂತರು.

ಬಹಳ ಹೊತ್ತಾಯಿತು. ಬಿರುಗಾಳಿ ಉಗುರು ಕಚ್ಚಿ ಮುಗಿಸಿ ನನ್ನ ತೋಳು ಹಿಡಿದಳು.

ಒಳಗಿನ ಮಾತು ಗೋಡೆಯ ಸ್ಪೀಕರಿನಲ್ಲಿ ಕೇಳುತ್ತಿತ್ತು. ಸರ್ಜನ್ ಪರೀಕ್ಷೆಗೆ ಬೇಕಾದದ್ದನ್ನು ತೆಗೆದು ಕಳಿಸಿದರು. ಆಮೇಲೆ ತ‌ಲೆಯೆತ್ತದೆ, "ಲ್ಯಾಬಮ್ಮ, ತಯಾರಾ? ಈಗ," ಎಂದರು.

ಸರ್ಜನ್ ಕೈಯಿಂದ ತುಂಡು ಮೊದಲು ಹೋದದ್ದು ಪಕ್ಕದಲ್ಲಿದ್ದ ನರ್ಸ್ ಕೈಗೆ. ಆಕೆ ಅಲ್ಲಿ ವರ್ಷಗಳಿಂದ ಇದ್ದವಳು, ತುಂಬ ಅಚ್ಚುಕಟ್ಟು. ತುಂಡಿನ ಮೇಲೆ ರಕ್ತವಿತ್ತು. ಅಂಥದ್ದನ್ನು ಹಾಗೇ ಯಾರ ಕೈಗೂ ಕೊಟ್ಟು ಅಭ್ಯಾಸವಿಲ್ಲದ ಆಕೆಯ ಇನ್ನೊಂದು ಕೈ ತಾನಾಗಿಯೇ ಉಪ್ಪುನೀರಿನ ಬಟ್ಟಲಿನ ಕಡೆ ಚಾಚಿತು. "ಒಂದ್ನಿಮಿಷ, ತೊಳೆದು ಕೊಡ್ತೀನಿ."

"ತೊಳೀಬೇಡೀ!"

ಸ್ಪೀಕರು ಕಿರ್ರೆಂದಿತು. ಪಿಸುಮಾತಿನಲ್ಲೇ ಎಲ್ಲ ನಡೆಯುವ ಆ ಕೋಣೆಯಲ್ಲಿ, ಜನ್ಮದಲ್ಲಿ ದನಿ ಎತ್ತದ ನಿಧಾನಕ್ಕ, ಇಡೀ ಬದುಕು ಏನನ್ನೂ ತೊಳೆಯದೆ ಮುಟ್ಟದ ನಿಧಾನಕ್ಕ, ಕೂಗಿದ್ದರು. ಕೂಗಿ ಮುಗಿಯುವ ಮೊದಲೇ ಅವರ ಚಿಮುಟ ನರ್ಸ್ ಕೈಯಲ್ಲಿದ್ದ ತುಂಡನ್ನು ಎತ್ತಿಕೊಂಡಾಗಿತ್ತು. ಇಕ್ಕಳ ಮೇಲೆದ್ದಿತು, ಬಾಯಿ ಮುಚ್ಚಿತು, ಬಿಳಿ ಹೊಗೆ ಉಕ್ಕಿ ಮೇಜಿನಂಚಿನಿಂದ ಕೆಳಗಿಳಿಯಿತು. ನನಗೆ ಕಂಡದ್ದು ಅಷ್ಟೇ.

ಸರ್ಜನ್ ಕೈ ಮಾತ್ರ ನಿಲ್ಲಲಿಲ್ಲ. ಆದರೆ ಮುಸುಕಿನ ಹಿಂದೆ ನಕ್ಕದ್ದು ಕೇಳಿಸಿತು. "ಬಾಯಿ ಮುಚ್ಕೊಂಡು ನಿಂತಿರಿ ಅಂದಿದ್ದೆ. ಪರವಾಗಿಲ್ಲ. ಮಗು ಅಂತೂ ಏಳಲಿಲ್ಲ."

ಹಳೆಯ ರೀತಿಯ ಇನ್ನೊಂದು ತುಂಡನ್ನೂ ಮೇಷ್ಟ್ರು ಕೇಳಿಕೊಂಡಿದ್ದರು. ಅದೇ ಗಡ್ಡೆಯದು, ಎಂದಿನಂತೆ ತೊಳೆದು, ಬಟ್ಟಲಲ್ಲಿ ಕೂತು, ಆಪರೇಷನ್ ಮುಗಿದ ಬಳಿಕ ಲ್ಯಾಬಿಗೆ ಬಂದದ್ದು. ಎರಡನ್ನೂ ಒಂದೇ ಪೊರೆಯ ಮೇಲೆ ಪಕ್ಕಪಕ್ಕ ಹಾಕಿದೆವು. ಪೊರೆ ಸಿದ್ಧವಾಗುವ ಹೊತ್ತಿಗೆ ಮಗುವಿಗೆ ಎಚ್ಚರವಾಗಿ, ತಲೆ ಬೋಳಿಸಿದ್ದಕ್ಕೆ ಅಮ್ಮನ ಮೇಲೆ ಸಿಟ್ಟಾಗಿದೆ ಎಂಬ ಸುದ್ದಿ ವಾರ್ಡಿನಿಂದ ಬಂದಿತ್ತು. ನಿಧಾನಕ್ಕ ಆ ಸುದ್ದಿ ತಂದವಳಿಂದ ಅದನ್ನು ಮೂರು ಸಲ ಹೇಳಿಸಿ ಕೇಳಿದರು.

ಯಂತ್ರದ ಪರದೆಯ ಮುಂದೆ ನಾವೆಲ್ಲ ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿದೆವು. ಮೊದಲು ಕೆಳಗಿನ ಸಾಲು ಮೂಡಿತು. ಎರಡು ಗೆರೆ, ಎರಡೂ ದಟ್ಟ. ಎರಡು ಮನೆಯಲ್ಲೂ ಅಜ್ಜಿ ಇದ್ದಾಳೆ. ಆಮೇಲೆ ಮೇಲಿನ ಸಾಲು. ಬಟ್ಟಲಿನ ತುಂಡಿನ ಜಾಗದಲ್ಲಿ ಕಪ್ಪು ಗೆರೆ ನಿಧಾನವಾಗಿ ತುಂಬಿಕೊಂಡಿತು. ಪಕ್ಕದ ಜಾಗ ಬರಿದಾಗಿತ್ತು. ಕಾದೆವು. ಇನ್ನೂ ಕಾದೆವು. ಹೊಗೆಯ ಎಳೆಯಂಥದ್ದೇನೋ ಬಂತು, ಅಷ್ಟೇ.

"ಮಲಗಿದಾಳೆ," ಎಂದರು ನಿಧಾನಕ್ಕ ಪಿಸುಮಾತಿನಲ್ಲಿ, ನಿಜವಾಗಿ ಯಾರೋ ಮಲಗಿರುವ ಕೋಣೆಯಲ್ಲಿ ನಿಂತ ಹಾಗೆ. ಮರುಕ್ಷಣ, "ಮಲಗಿದಾಳೆ ಮೇಷ್ಟ್ರೇ! ಅಜ್ಜಿ ಮಲಗಿದಾಳೆ!" ಎಂದು ಕೂಗಿ ಬಿರುಗಾಳಿಯನ್ನು ಬಾಚಿ ತಬ್ಬಿಕೊಂಡರು. ಬಿರುಗಾಳಿಯ ಮೊಣಕೈ ತಗುಲಿ ಮೇಜಿನ ಮೇಲಿದ್ದ ಲೋಟ ಉರುಳಿತು. ಯಾರೂ ತಿರುಗಿ ನೋಡಲಿಲ್ಲ.

"ಸಮಾಧಾನ, ಸಮಾಧಾನ," ಎನ್ನುತ್ತಿದ್ದ ಮೇಷ್ಟ್ರಿಗೇ ಸಮಾಧಾನವಿರಲಿಲ್ಲ. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ತೆಗೆದರು. "ಒಂದು ಮಗು. ಒಂದು ಗಡ್ಡೆ. ಇದನ್ನ ಹಿಡ್ಕೊಂಡು ಯಾವ ತೀರ್ಮಾನಾನೂ ಮಾಡೋ ಹಾಗಿಲ್ಲ. ಇನ್ನೂ ಎಷ್ಟೋ ನೋಡ್ಬೇಕು, ಬೇರೆ ಆಸ್ಪತ್ರೆಯವರೂ ಇದೇ ಇಕ್ಕಳದಲ್ಲಿ ಮಾಡ್ಬೇಕು. ಯಾರಿಗೂ ಇನ್ನೂ ಏನೂ ಹೇಳೋ ಹಾಗಿಲ್ಲ."

"ಹೇಳಲ್ಲ," ಎಂದಳು ಬಿರುಗಾಳಿ, ಆಗಲೇ ಸರ್ಜನ್‌ಗೆ ಫೋನು ಹಚ್ಚುತ್ತ.

ನಿಧಾನಕ್ಕ ಇನ್ನೂ ಪರದೆಯನ್ನೇ ನೋಡುತ್ತಿದ್ದರು. ಆ ಬರಿದು ಜಾಗದ ಮೇಲೆ ಬೆರಳಿಟ್ಟರು, ಗಾಜಿಗೆ ತಾಗಿಯೂ ತಾಗದಂತೆ.

"ಸರಿ ಮೇಷ್ಟ್ರೇ," ಎಂದರು. "ಮಲಗಿರೋದು ಗೊತ್ತಾಯ್ತು. ಈಗ ಈ ಮುದುಕೀನ ಎಬ್ಬಿಸೋದು ಹೇಗೆ, ಹೇಳಿ."

ಮೇಷ್ಟ್ರು ಜೇಬಿನಲ್ಲಿ ಸೀಮೆಸುಣ್ಣ ತಡಕುತ್ತ ಹಲಗೆಯ ಕಡೆ ಓಡಿದರು, ಮತ್ತು ನಾವೆಲ್ಲ ಕುರ್ಚಿಗಳನ್ನು ಎಳೆದುಕೊಂಡು ಅವರ ಹಿಂದೆ.